ಭಾವನ ಪಾಪಕ್ಕೆ ನನ್ನ ಹಿಮ್ಮೇಳ

ಹಿಮ್ಮೇಳದವನ ಕೆಲಸ ಹೌದು ಅನ್ನುವುದು. ಗೀಗೀ ಪದದಲ್ಲಿ ಮುಂದೆ ನಿಂತವನು ಏನೇ ಹಾಡಲಿ, ಹಿಂದೆ ನಿಂತವನು ತಾಳ ತಪ್ಪದೆ ‘ಹೌದಣ್ಣ ಹೌದು’ ಅನ್ನಬೇಕು. ಹನ್ನೆರಡು ವರ್ಷ ನಾನು ಅಕ್ಕನ ಗಂಡನ ಹಿಂದೆ ತುಂತುಣಿ ಮೀಟುತ್ತ ಇದನ್ನೇ ಮಾಡಿದೆ. ಈಗ ಯಾರಾದರೂ ಅದನ್ನು ಕಲೆ ಎಂದು ಹೊಗಳಿದರೆ ನನಗೆ ಹೇಸಿಗೆಯಾಗುತ್ತದೆ. ಹೌದಪ್ಪನ ಚಾವಡಿಯಲ್ಲಿ ಹೌದಪ್ಪ ಅನ್ನುವವನು ಅಲ್ಲಪ್ಪನ ಚಾವಡಿಗೆ ಹೋದಾಗ ಅಲ್ಲಪ್ಪ ಅಂತಾದರೂ ಅಂದಾನು. ನಾನು ಅಷ್ಟೂ ಅಂದವನಲ್ಲ.

ಭಾವ ಮಾತ್ರ ನಿಜವಾದ ಬಾಯಿಗಾರ. ಎಪ್ಪತ್ತರ ದಶಕದಲ್ಲಿ ನಮ್ಮ ಸೀಮೆಯಲ್ಲಿ ಸವಾಲ್-ಜವಾಬ್ ಇಟ್ಟರೆ, ಅವನು ಬರುತ್ತಾನೆಂದು ತಿಳಿದು ಎದುರು ಮೇಳದವರಿಗೆ ಗಂಟಲು ನೋವು ಬರುತ್ತಿತ್ತು. ಗಂಡು ಹೆಚ್ಚು ಅನ್ನುವ ಪಾಳಿ ಬಂದರೆ ಹಾಗೇ ಹಾಡುವನು. ಮರುವಾರ ಹೆಣ್ಣು ಹೆಚ್ಚು ಅನ್ನುವ ಪಾಳಿ ಬಂದರೆ ಅದನ್ನೂ ಅಷ್ಟೇ ಆವೇಶದಿಂದ ಹಾಡುವನು. ಡಪ್ಪು ಬಡಿಯುತ್ತ, ನಿಂತ ನಿಲುವಿನಲ್ಲೇ ಪದ ಕಟ್ಟಿ, ಎದುರಿನವನ ಮೂಗು, ಮೀಸೆ, ಅಜ್ಜ, ಮುತ್ತಜ್ಜ ಎಲ್ಲವನ್ನೂ ಹರಾಜು ಹಾಕುವನು. ಜನ ಹೊಟ್ಟೆ ಹಿಡಿದುಕೊಂಡು ನಗುವರು. ಹಾಡು ಮುಗಿದ ಮೇಲೆ ಅದೇ ಜನ ನಮ್ಮ ಬೊಗಸೆಗೆ ನೀರನ್ನು ಮೇಲಿನಿಂದ ಸುರಿಯುವರು. ಥೂ, ಆ ನಗುವಿಗೂ ನಾವು ಕೈ ಮುಗಿಯುತ್ತಿದ್ದೆವು.

ಒಂದು ದಿನ ಪಾಸ್ಟರ್ ಒಬ್ಬರು ಸಾಸ್ವೆಹಳ್ಳಿ ಕಡೆಯ ನಮ್ಮ ಕೇರಿಗೆ ಬಂದರು. ಅಕ್ಕ ಕೊಟ್ಟ ಲೋಟಕ್ಕೆ ತುಟಿ ಹಚ್ಚಿ ನೀರು ಕುಡಿದರು. ಅಷ್ಟೇ ಸಾಕಾಯಿತು, ಭಾವ ಅವರ ಹಿಂದೆ ಹೋದ. ಅದರಲ್ಲಿ ತಪ್ಪು ಹುಡುಕುವವರ ಮುಖಕ್ಕೆ ಆ ಲೋಟ ಹಿಡಿಯಬೇಕು ಅನ್ನಿಸುತ್ತದೆ ನನಗೆ. ಹೊಳೆಯಲ್ಲಿ ಮುಳುಗಿ ದೀಕ್ಷಾಸ್ನಾನ ಮಾಡಿಸಿಕೊಂಡ ದಿನ ಅವನು ಅತ್ತದ್ದು ನಿಜವಾದ ಅಳು. ಬೀಡಿ ಬಿಟ್ಟ, ಪೋಲಿ ಪದ ಬಿಟ್ಟ. ಡಪ್ಪನ್ನೂ ಬಿಡಲು ಹೊರಟಾಗ ಪಾಸ್ಟರರೇ, “ಅದನ್ಯಾಕೆ ಬಿಡ್ತೀರಿ, ಕರ್ತನಿಗೆ ಹಾಡ್ರಿ” ಅಂದರು. ಗೀಗೀ ಧಾಟಿಯಲ್ಲಿ ಯೇಸುಸ್ವಾಮಿಯ ಕಥೆ ಕಟ್ಟಿದ. ನಾನು ಮುಳುಗಲಿಲ್ಲ, ಹಿಮ್ಮೇಳಕ್ಕೆ ಮಾತ್ರ ಹೋದೆ.

ತೊಂದರೆ ಶುರುವಾದದ್ದು ಎದುರಾಳಿ ಇಲ್ಲದ್ದರಿಂದ. ಪ್ರಾರ್ಥನೆಯ ಸಭೆಯಲ್ಲಿ ಯಾರ ಮೀಸೆ ಹರಾಜು ಹಾಕುವುದು? ಹಾಡು ಸಪ್ಪೆಯಾಯಿತು, ಜನ ಆಕಳಿಸಿದರು. ಆದರೆ ಪ್ರತಿ ಸಭೆಯಲ್ಲೂ ಸಾಕ್ಷಿ ಹೇಳುವ ಪದ್ಧತಿಯಿತ್ತು, ಮೊದಲು ನಾನೆಂಥ ಪಾಪಿಯಾಗಿದ್ದೆ, ಈಗ ಹೇಗಾಗಿದ್ದೇನೆ ಎಂದು. ಭಾವ ಅದನ್ನು ಪದ ಕಟ್ಟಿ ಹಾಡತೊಡಗಿದ. ಕೊನೆಗೂ ಅವನಿಗೆ ಎದುರಾಳಿ ಸಿಕ್ಕಿದ್ದ, ಅವನೇ. ಬೀಡಿ ಸೇದಿದ್ದೆ ಅಂದರೆ ಯಾರ ಕಣ್ಣು ಒದ್ದೆಯಾದೀತು? ಜಗಳೂರಿನ ಸಭೆಯಲ್ಲಿ ಸಾರಾಯಿ ಸೇರಿಸಿದ. ಯುಗಾದಿಯ ಮರುದಿನ ಬಿಟ್ಟರೆ ಅವನು ಕುಡಿದವನೇ ಅಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಚನ್ನಗಿರಿಗೆ ಬರುವಷ್ಟರಲ್ಲಿ ಹೆಂಡತಿಯನ್ನು ಬಡಿಯುವವನೂ ಆಗಿದ್ದ.

“ಭಾವ, ಅಕ್ಕನ್ನ ಯಾವಾಗ ಬಡಿದ್ರಿ ನೀವು?” ಬಸ್ಸಿನಲ್ಲಿ ಕೇಳಿದೆ.

“ಪದಕ್ಕೆ ಉಪ್ಪು-ಖಾರ ಬೇಕಲ್ಲೋ. ನಾಕು ಜನ ಬದಲಾಗ್ತಾರಂದ್ರೆ ಏನ್ ಹೋತು?” ಅಂದ.

ನ್ಯಾಮತಿಯಲ್ಲಿ ಅವನು ಹಾಡಿದ್ದು ಇದು:

ಸಾರಾಯಿ ಕುಡಿದೆ, ಸತಿಯನ್ನು ಬಡಿದೆ,
ಜ್ವರದ ಕೂಸನ್ನ ಅಂಗಳಕ್ಕೆ ಒಗೆದೆ.

ಅಕ್ಕನ ಮೊದಲ ಮಗು ಹೋದದ್ದು ದಡಾರದಿಂದ. ಮೈತುಂಬ ಗುಳ್ಳೆ, ಎರಡು ವರ್ಷದ ಹೆಣ್ಣು ಕೂಸು. ಬಸ್ಸು ತಪ್ಪಿದ್ದಕ್ಕೆ ಭಾವ ಅದನ್ನು ಹೆಗಲ ಮೇಲೆ ಹಾಕಿಕೊಂಡು ಹೊನ್ನಾಳಿಯ ಆಸ್ಪತ್ರೆಯವರೆಗೆ ಬಿಸಿಲಲ್ಲಿ ನಡೆದಿದ್ದ. ಅಕ್ಕ ಬೇವಿನ ಸೊಪ್ಪು ಬೀಸುತ್ತ ಪಕ್ಕದಲ್ಲಿ, ನಾನು ಒದ್ದೆ ಬಟ್ಟೆ ಹಿಡಿದು ಹಿಂದೆ. ಚಪ್ಪಲಿ ಕಿತ್ತುಹೋದರೂ ಅವನು ನಿಲ್ಲಲಿಲ್ಲ. ಕೂಸು ಉಳಿಯಲಿಲ್ಲ. ಆದರೆ ಆ ನಡಿಗೆ ಅಕ್ಕನಿಗೆ ಉಳಿದಿತ್ತು. ಗಂಡ ವಾರಗಟ್ಟಲೆ ಮನೆಗೆ ಬಾರದಿದ್ದಾಗಲೂ, “ನನ್ನ ಕೂಸನ್ನ ಹೊತ್ಕಂಡು ನಡೆದಾನೆ ಕಣೋ” ಅಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಅವನು ಜೀವಮಾನದಲ್ಲಿ ಮಾಡಿದ ಒಂದೇ ಒಂದು ದೊಡ್ಡ ಕೆಲಸವನ್ನು ಅವನೇ ಅಂಗಳಕ್ಕೆ ಒಗೆದಿದ್ದ. ಅದಕ್ಕೆ ನಾನು ತಾಳ ತಪ್ಪದೆ ‘ಹೌದಣ್ಣ ಹೌದು’ ಅಂದಿದ್ದೆ. ಅಂದ ಮೇಲೆ ಬಾಯಲ್ಲಿ ಏನೋ ಕೊಳೆತದ್ದು ಕಚ್ಚಿದಂತಾಯಿತು, ಉಗುಳಲೂ ಆಗಲಿಲ್ಲ. ಜನ ಗೊಳೋ ಎಂದು ಅಳುತ್ತಿದ್ದರು.

ಸುದ್ದಿ ನಮ್ಮೂರು ಮುಟ್ಟಲು ಎಷ್ಟು ಹೊತ್ತು? ಬೋರಿನ ಹತ್ತಿರ ನೀರು ಹಿಡಿಯುವಾಗ ಒಬ್ಬಳು ಅಕ್ಕನ ಕುಪ್ಪಸ ಸರಿಸಿ ಬೆನ್ನಿನ ಮೇಲೆ ಬರೆ ಹುಡುಕಿದಳಂತೆ. ಮತ್ತೊಬ್ಬಳು, “ಕೂಸನ್ನ ಕೊಂದೋನ ಜೊತೆ ಹೆಂಗೆ ಬಾಳ್ವೆ ಮಾಡ್ತೀಯೇ?” ಅಂದಳಂತೆ. ಅಕ್ಕ ಕೊಡ ಅಲ್ಲೇ ಬಿಟ್ಟು ಬಂದಳು.

“ನ್ಯಾಮತಿಲಿ ಏನ್ ಹಾಡಿದ್ರಿ?” ಎಂದು ನನ್ನನ್ನು ಕೇಳಿದಳು. ನಾನು ತುಂತುಣಿಯ ತಂತಿ ಬಿಗಿ ಮಾಡುತ್ತ ಕುಳಿತೆ.

ಹೊನ್ನಾಳಿಯ ಸಭೆಗೆ ಅಕ್ಕ ತಾನೇ ಹೊರಟಳು. ಭಾನುವಾರ, ಶಾಮಿಯಾನದ ಕೆಳಗೆ ಜನ ಕಿಕ್ಕಿರಿದಿದ್ದರು. ಭಾವ ಅದೇ ಪದ ಹಾಡಿದ, ನನ್ನ ಬಾಯಿ ಅದೇ ಮಾತು ಅಂದಿತು. ಪಾಸ್ಟರರು ಪಾಪ, ಎಲ್ಲವನ್ನೂ ನಂಬಿ ನಿಜವಾಗಿ ಅಳುತ್ತಿದ್ದರು. “ಈ ತಾಯಿ ಗಂಡನ್ನ ಕ್ಷಮಿಸಿದಾರೆ, ಅವರೂ ನಾಕು ಮಾತು ಹೇಳಲಿ” ಎಂದು ಅಕ್ಕನನ್ನು ಮೇಲೆ ಕರೆದರು.

ಅಕ್ಕ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. “ಕ್ಷಮಿಸಾಕೆ ಏನೂ ಇಲ್ರಿ. ಇವ್ರು ನನ್ನ ಮ್ಯಾಲೆ ಒಂದಿನಾನೂ ಕೈ ಎತ್ತಿಲ್ಲ. ಕೂಸು ದಡಾರ ಬಂದು ಹೋತು. ಇವ್ರೇ ಹೆಗಲ ಮ್ಯಾಲೆ ಹೊತ್ಕಂಡು ಈ ಊರಿನ ಆಸ್ಪತ್ರೆ ತನಕ ನಡೆದಾರೆ. ಈಗ ಹಾಡಿದ್ದು ಸುಳ್ಳು ಐತ್ರಿ.”

ಭಾವನ ಮುಖ ಬಿಳಿಚಿತು. ಆಮೇಲೆ ಅವನ ಕಣ್ಣಲ್ಲಿ ನನಗೆ ಗೊತ್ತಿದ್ದ ಹೊಳಪು ಬಂತು, ಎದುರು ಮೇಳದವರು ಗಟ್ಟಿ ಸವಾಲು ಎಸೆದಾಗ ಬರುತ್ತಿದ್ದದ್ದು. ಡಪ್ಪು ಬಡಿದ:

ಕೊಂದವನ ತಪ್ಪನ್ನ ಸೆರಗಲ್ಲಿ ಮುಚ್ಚ್ಯಾಳೆ,
ಭೂಮ್ತಾಯಿ ತೂಕದ ಮಡದಿ ನಿಂತಾಳೆ!

“ಹಲ್ಲೆಲೂಯಾ!” ಎಂದು ಇಡೀ ಶಾಮಿಯಾನ ಎದ್ದು ನಿಂತಿತು. ಅಕ್ಕ ಹೇಳಿದ ನಿಜವೆಲ್ಲ ಗಂಡನನ್ನು ಕಾಪಾಡಲು ಹೇಳಿದ ಸುಳ್ಳಾಗಿಬಿಟ್ಟಿತು. ಹೆಂಗಸರು ಓಡಿಬಂದು ಅವಳ ಕೈಗೆ ಮುತ್ತಿಟ್ಟರು. “ಅಲ್ರೀ, ಅಲ್ರೀ” ಅನ್ನುತ್ತ ಅವಳು ನನ್ನ ಕಡೆ ತಿರುಗಿದಳು. ಆಸ್ಪತ್ರೆಯ ಆ ದಾರಿಯನ್ನು ಅವರಿಬ್ಬರ ಜೊತೆ ನಡೆದವನು ನಾನೊಬ್ಬನೇ. ಭಾವ ಎರಡನೆಯ ಸಲ ಪದ ಎತ್ತಿ, ನನಗಾಗಿ ಜಾಗ ಬಿಟ್ಟ. ನನ್ನ ಬೆರಳು ತಂತಿಯ ಮೇಲಿತ್ತು.

“ಹೌದಣ್ಣ ಹೌದು” ಅಂದೆ.

ಊರಿಗೆ ಬಂದ ಮೇಲೆ ಅಕ್ಕ ಜಗಳ ಮಾಡಲಿಲ್ಲ. ಇಬ್ಬರಿಗೂ ಮುದ್ದೆ ಬಡಿಸಿದಳು. ನನ್ನ ತಟ್ಟೆಗೆ ಸಾರು ಹಾಕುವಾಗ ಮಾತ್ರ ತಲೆಯೆತ್ತದೆ, “ಇನ್ಮ್ಯಾಲೆ ಕೂಸಿನ ಸುದ್ದಿ ನೀವಿಬ್ರೂ ನನ್ನತ್ರ ಎತ್ತಬ್ಯಾಡ್ರಿ” ಅಂದಳು. ಅವಳೂ ಮತ್ತೆಂದೂ ಎತ್ತಲಿಲ್ಲ.

ಮರುವಾರ ಚನ್ನಗಿರಿಯಲ್ಲಿ ಸಭೆಯಿತ್ತು. ನಾನು ಹೋದೆ.