ಕಿಟಕಿಯಾಚೆ ಜೋತಾಡಿದ ಡಾಂಗಲ್

ಇವತ್ತು ಅಣ್ಣನ ಮನೆಯ ಕಂಪ್ಯೂಟರಿನಲ್ಲಿ ಪುಟ ತೆರೆಯದೆ ಆ ಹಾಳು ಚಕ್ರ ಸುತ್ತುತ್ತಲೇ ಇತ್ತು. ಅಣ್ಣನ ಮಗ ಇಂಟರ್ನೆಟ್ಟಿನ ಡಾಂಗಲ್ ಸಿಕ್ಕಿಸಿಕೊಂಡು ಕಿಟಕಿಯ ಪಕ್ಕ ಕೂತಿದ್ದ.

ಚಿಕ್ಕಂದಿನಲ್ಲಿ ನಿಪ್ಪಾಣಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇದ್ದದ್ದು ಕಿಟಕಿಯ ಪಕ್ಕ, ಕಬ್ಬಿಣದ ತಿಜೋರಿಯ ಮರೆಯಲ್ಲಿ. ಇಂಟರ್ನೆಟ್ಟಿನ ಡಾಂಗಲ್ ಉದ್ದನೆಯ ವೈರಿನ ತುದಿಯಲ್ಲಿ ತಿಜೋರಿಯ ಹಿಂದೆ ಬಿದ್ದಿರುತ್ತಿತ್ತು. ಅಣ್ಣನ ಹತ್ತನೆಯ ತರಗತಿಯ ರಿಸಲ್ಟಿನ ದಿನ ಪುಟ ತೆರೆಯಲೇ ಇಲ್ಲ. ತಂಬಾಕಿನ ವಖಾರದಿಂದ ಕೆಲಸ ಮುಗಿಸಿ ಬಂದ ಅಪ್ಪ ಮೊದಲು ಸಿಪಿಯುಗೆ ಒದ್ದ, ಆಮೇಲೆ ಅಣ್ಣನಿಗೆ.

"ಸುಡುಗಾಡ ಸಿನಿಮಾ ಇಳಿಸಿ ಇಳಿಸಿ ನೆಟ್ ಹಾಳ ಮಾಡ್ಯಾನ!"

"ನಾ ಏನೂ ಮಾಡಿಲ್ಲಪ್ಪಾ!"

ಅಪ್ಪ ಬೆಲ್ಟು ಬಿಚ್ಚಿದ. ಅಣ್ಣನ ತುಟಿ ಒಡೆದು ಕೀಬೋರ್ಡಿನ ಮೇಲೆ ರಕ್ತ ಹನಿಯಿತು. "ಬಿಡ್ರಿ, ಸತ್ತಗಿತ್ತ ಹೋದಾನು!" ಎಂದು ಅಡ್ಡ ಬಂದ ಅವ್ವನಿಗೂ ಬಿತ್ತು. ಆದರೂ ಸಿಟ್ಟು ಇಳಿಯದೆ ಅಪ್ಪ ಡಾಂಗಲನ್ನು ಕಿಟಕಿಯಾಚೆ ಎಸೆದ. ವೈರು ಬಿಗಿದು ಅದು ಹೊರಗೆ ಜೋತಾಡಿತು.

ಪುಟ ತಟ್ಟನೆ ತೆರೆದುಕೊಂಡಿತು. ತಿಜೋರಿಯ ಹಿಂದೆ ಸಿಗದ ಸಿಗ್ನಲ್ ಬಯಲಿನಲ್ಲಿ ಸಿಕ್ಕಿತ್ತು. ಅಣ್ಣ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದ.

"ಅವಂಗ ಪೇಢೆ ಕೊಡ" ಎಂದ ಅಪ್ಪ ಅವ್ವನಿಗೆ, ಬೆಲ್ಟು ಹಾಕಿಕೊಳ್ಳುತ್ತ. ಒಡೆದ ತುಟಿಯಲ್ಲೇ ಅಣ್ಣ ಪೇಢೆ ತಿಂದ.

ಇವತ್ತು ಚಕ್ರ ಸುತ್ತುತ್ತಿರುವಾಗ ಅಣ್ಣ ತನ್ನ ಮಗನ ಬೆನ್ನ ಹಿಂದೆ ಬಂದು ನಿಂತು ಕೈ ಎತ್ತಿದ. ನಾನು ಕಣ್ಣು ಮುಚ್ಚಿಕೊಂಡೆ. ಕೇಳಿಸಿದ್ದು ಕಿಟಕಿಯ ಚಿಲಕ ತೆಗೆದ ಸದ್ದು.