ಮೇಣದಲ್ಲಿ ನಿಂತ ಬೆಂಡೋಲೆ

ಜೋತುಬಿದ್ದ ಕೆನ್ನೆಯನ್ನು ಬಿಗಿ ಮಾಡಿಸಿಕೊಂಡದ್ದು ನನ್ನ ಇಷ್ಟ, ನನ್ನ ಮುಖ. ಮಂಗಳೂರಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಪುತ್ತೂರಿನ ಬಳಿ ಸವಣೂರಿನ ನಮ್ಮ ಮನೆಯಲ್ಲಿ ಹಲ್ಲಿನ ತೊಂದರೆ ಎಂದು ಹೇಳಿದೆ. ಗಾಯ ಮಾಗಿದ ಮೇಲೆ ಒಬ್ಬರಾದರೂ ಚಂದ ಕಾಣುತ್ತೀರಿ ಎನ್ನಲಿ ಎಂದು ಕಾದೆ. ಯಾರೂ ಎನ್ನಲಿಲ್ಲ. ಬಿಗಿದ ಚರ್ಮ ಕಿವಿಯ ಹಾಲೆಗಳನ್ನೂ ಕೆಳಗೆಳೆದು ಕೆನ್ನೆಗೆ ಅಂಟಿಸಿಬಿಟ್ಟಿತ್ತು. ಪೇಟೆಯಲ್ಲಿ ಸಿಕ್ಕಿದವರೆಲ್ಲ ಕೇಳಿದ್ದು ಒಂದೇ: "ಕಿವಿಗೆ ಎಂತ ಆಯ್ತು ಮಾರಾಯ್ರೆ?"

ಮೈ ಉರಿಯುತ್ತಿತ್ತು. ಗಂಡ ಮಾತ್ರ ಏನೂ ಕೇಳಲಿಲ್ಲ. ಅವರು ನನ್ನ ಮುಖವನ್ನು ಸರಿಯಾಗಿ ನೋಡಿ ಎಷ್ಟು ಕಾಲವಾಯಿತೋ.

ಕೊನೆಗೆ ಇನ್ನೊಬ್ಬ ಡಾಕ್ಟರ ಬಳಿ ಹೋದೆ. ಅವರು ಹಾಲೆಗಳನ್ನು ಕೆನ್ನೆಯಿಂದ ಬಿಡಿಸಿ, ಆಕಾರ ಕೊಟ್ಟು, ಎಳೆದು ಹಿಗ್ಗಿದ್ದ ತೂತನ್ನೂ ಮುಚ್ಚಿ ಹೊಲಿದರು. ಕೆಲವು ತಿಂಗಳು ಕಿವಿಗೆ ಏನನ್ನೂ ಹಾಕಬಾರದು, ಚುಚ್ಚಿಸುವುದು ಆಮೇಲೆ ಎಂದರು. ಕಿವಿಯ ಸಂಗತಿಯನ್ನು ಮನೆಯಲ್ಲಿ ಹೇಳಿದೆ. ಮುಖದ್ದು ಇಂದಿಗೂ ಗುಟ್ಟು.

ಅಷ್ಟರಲ್ಲಿ ಪುತ್ತೂರಿನಲ್ಲಿ ಮಗಳ ಮದುವೆ ಗೊತ್ತಾಯಿತು. ಧಾರೆಯ ನೀರು ಬಿಡಬೇಕಾದವಳು ನಾನು.

"ಬರಿಗಿವಿಯಲ್ಲಿ ನೀರು ಬಿಡುದುಂಟಾ? ನೆಂಟರು ಎಂತ ಹೇಳ್ತಾರೆ?" ಎಂದರು ಅತ್ತೆ.

"ಡಾಕ್ಟ್ರು ಏನೂ ಹಾಕಬಾರದು ಹೇಳಿದ್ದಾರೆ ಅತ್ತೆ."

"ಡಾಕ್ಟ್ರು ಧಾರೆಗೆ ಬರುದಿಲ್ಲ."

ಮದುವೆಯ ಬೆಳಿಗ್ಗೆ ಅವರು ಮನೆಯಿಂದ ತಂದಿದ್ದ ಹಲಸಿನ ಮೇಣದ ಉಂಡೆ ತೆಗೆದರು. ಸೋರುವ ಕೊಡಪಾನಕ್ಕೆ ನಾವು ಮೆತ್ತುವ ಅದೇ ಮೇಣ. ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ, ತಮ್ಮ ಬೆಂಡೋಲೆಯ ಹಿಂಬದಿಗೆ ಹಚ್ಚಿ, ಹೊಸ ಹಾಲೆಗೆ ಒತ್ತಿ ಕೂರಿಸಿದರು. ಸೀರೆ ಉಟ್ಟು ಕೂತಿದ್ದ ಮಗಳು ಕಣ್ಣಲ್ಲೇ ನನ್ನನ್ನು ಬೇಡಿಕೊಂಡಳು: ಇವತ್ತೊಂದು ದಿನ ಜಗಳ ಬೇಡ ಅಮ್ಮ. ಹಲ್ಲು ಕಚ್ಚಿ ಇನ್ನೊಂದು ಕಿವಿಯನ್ನೂ ಒಡ್ಡಿದೆ. ಅವಳ ಕೈ ಮೇಲೆ ನೀರು ಬಿಡುವಾಗಲೂ ನನ್ನ ಗಮನವೆಲ್ಲ ಚುರುಗುಟ್ಟುವ ಕಿವಿಯ ಮೇಲೇ ಇತ್ತು. ಆ ಗಳಿಗೆಯನ್ನೂ ನನಗೆ ಉಳಿಸಿಕೊಡಲಿಲ್ಲ ಎಂಬ ಸಿಟ್ಟು ಇನ್ನೂ ಇಳಿದಿಲ್ಲ.

ಸಂಜೆ ತೆಂಗಿನೆಣ್ಣೆ ಹಚ್ಚಿ ಹಚ್ಚಿ ತೆಗೆದೆವು. ಬಲಗಡೆಯದು ಸಲೀಸಾಗಿ ಬಂತು. ಎಡಗಡೆಯದು ಆಗತಾನೇ ಕೂಡಿದ್ದ ಚರ್ಮವನ್ನು ಕಿತ್ತುಕೊಂಡೇ ಬಂತು. ಡಾಕ್ಟರು ನೋಡಿ ಬೈದರು. ಗಾಯ ಒಣಗಿ ಕಲೆ ಮೆತ್ತಗಾದ ಮೇಲೆ ಮತ್ತೆ ಮೊದಲಿನಿಂದ ಹೊಲಿಗೆಯಂತೆ.

ಮೊನ್ನೆ ಮದುವೆಯ ಆಲ್ಬಮ್ ಬಂತು. ಕಿವಿಗೆ ಪಟ್ಟಿ ಕಟ್ಟಿಕೊಂಡು ಅತ್ತೆಯ ಪಕ್ಕ ಕೂತಿದ್ದೆ. ಧಾರೆಯ ಫೋಟೋದ ಮೇಲೆ ಅವರು ಪ್ರೀತಿಯಿಂದ ಬೆರಳಾಡಿಸಿದರು.

"ಬೆಂಡೋಲೆ ಎಷ್ಟು ಲಾಯ್ಕ ಕಾಣ್ತದೆ ನೋಡು. ಮುಖ ಮಾತ್ರ ಬಾಡಿದೆ. ನಿನಗೂ ವಯಸ್ಸಾಯ್ತಲ್ಲ."