ಸುಂಕ ಕೊಡದ ಗೋಣಿಚೀಲ

ಮೊಂಡಿ ಎಂದು ಆಕೆಯನ್ನು ಮೊದಲು ಕರೆದದ್ದು ಅಪ್ಪನೇ. ಬಸ್ಸಿನ ಸೀಟುಗಳಿಗೆ ರೆಕ್ಸಿನ್ ಹೊದಿಕೆ ಹೊಲಿಯುವ ಅಂಗಡಿ ಅವನದು. ಕಸುಬನ್ನು ಮಗನಿಗೆ ಕಲಿಸಬೇಕೆಂದು ಅವನ ಆಸೆ. ಮಗನಿಗೋ ಹಳೇ ಫೋಮಿನ ದೂಳು ಮೂಗಿಗೆ ತಾಗಿದರೆ ಸಾಕು, ಸೀನು ನಿಲ್ಲದು. ಮಗಳು ಕರೆಯದೆ ಬಂದು ಮಷೀನಿನ ಮುಂದೆ ಕೂತಳು. ಏಳು ಅಂದರೆ ಏಳಲಿಲ್ಲ, ಬೈದರೂ ಏಳಲಿಲ್ಲ. ಕೊನೆಗೆ ಅಪ್ಪನೇ ಸೋತು, "ಮೊಂಡಿ, ದಾರನಾದ್ರೂ ನೆಟ್ಟಗೆ ಪೋಣಿಸು" ಎಂದ. ಮುಂದೆ ಮದುವೆಯ ಮಾತು ಬಂದಾಗಲೆಲ್ಲ, ಮಷೀನು ಬಿಟ್ಟು ಬರಬೇಕೆಂಬ ಷರತ್ತೂ ಅದರ ಬೆನ್ನಿಗೇ ಬರುತ್ತಿತ್ತು. ಆಕೆ ಮದುವೆಯನ್ನೇ ಬಿಟ್ಟಳು.

ಅಪ್ಪ ಹೋದ ಮೇಲೆ ಕೆಳಗಿನ ಅಂಗಡಿ ಮೊಂಡಿಯ ಹೆಸರಿಗೆ ಬಂತು, ಮೇಲಿನ ಮನೆ ತಮ್ಮನ ಹೆಸರಿಗೆ. ಒಲೆ ಒಂದೇ, ಊಟ ಒಟ್ಟಿಗೇ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತು ತಮ್ಮನದು, ಹೊಲಿಗೆ ಅಕ್ಕನದು.

ಐವತ್ತು ದಾಟಿದ ಮೇಲೆ ಆಕೆ ಬಿದ್ದಳು. ಹಳೆಯ ಬಸ್ಸೊಂದರ ಸೀಟು ಕೀಳಲು ಹೋಗಿ, ತುಕ್ಕು ಹಿಡಿದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಮೈಭಾರವನ್ನೆಲ್ಲ ಬಿಟ್ಟು ಎಳೆದಳು. ಬೋಲ್ಟು ತುಂಡಾಯಿತು, ಆಕೆ ಬಾಗಿಲಿನಿಂದಾಚೆ ಹಿಮ್ಮುಖವಾಗಿ ನೆಲಕ್ಕೆ ಬಿದ್ದಳು. ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಾಗಲೂ, "ಸೀಟು ಬಂತು ತಾನೇ?" ಎಂದು ಕೇಳಿದಳಂತೆ. ಬಿದ್ದರೂ ಮೀಸೆ ಮಣ್ಣಾಗಿಲ್ಲ ಅನ್ನುವುದು ಇದಕ್ಕೇ.

ಕಾಲಿಗೆ ಪ್ಲಾಸ್ಟರು ಬಿತ್ತು. ಮೇಲಿನ ಮನೆಯ ಮುಂಗೋಣೆಯಲ್ಲಿ, ಕಿಟಕಿಯ ಪಕ್ಕ ಮಂಚ. ಕೆಳಗೆ ಅಂಗಡಿಯಲ್ಲಿ ಕಬ್ಬಿಣ ಬಿದ್ದ ಸದ್ದು, ತಮ್ಮನ ಸೀನು, ಗಿರಾಕಿಗಳ ಗೊಣಗಾಟ ಎಲ್ಲವೂ ಮೇಲಕ್ಕೆ ಕೇಳುತ್ತಿತ್ತು. ಮಷೀನಿನ ಸದ್ದು ಮಾತ್ರ ಇಲ್ಲ. ಮೊಂಡಿಗೆ ಮೂಳೆಯ ನೋವಿಗಿಂತ ಅದೇ ಹೆಚ್ಚು ಕೊರೆಯಿತು. ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: "ಸಾಕಿನ್ನು, ಎಷ್ಟಂತ ದುಡೀತೀಯ? ಆರಾಮಾಗಿ ಕೂತ್ಕೋ." ಆರಾಮು ಎಂಬ ಪದ ಕೇಳಿದರೆ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು.

ತಮ್ಮನ ಹೆಂಡತಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸಂಜೆ ಬಂದು ಮುಖ ತೊಳೆದು, ಅದೇ ಮುಂಗೋಣೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಪರದೆಯ ಮೇಲೆ ಕಪ್ಪು ಆಕಾಶ, ನಕ್ಷತ್ರ, ನಡುವೆ ತೇಲುವ ಹಡಗು. ಇಷ್ಟು ವರ್ಷ ಮೊಂಡಿ ಅತ್ತ ತಿರುಗಿ ನೋಡಿದವಳಲ್ಲ. ಈಗ ಬೇರೆ ನೋಡುವುದಕ್ಕೇನೂ ಇರಲಿಲ್ಲ.

"ಇಷ್ಟು ಹೊತ್ತು ಅಲ್ಲಿಂದಿಲ್ಲಿಗೆ ಹಾರಾಡ್ತೀಯಲ್ಲ, ಏನು ಮಾಡ್ತೀಯ ಹೋಗಿ?"

"ವ್ಯಾಪಾರ, ಅತ್ತಿಗೆ. ಒಂದು ಕಡೆ ಅಗ್ಗಕ್ಕೆ ಕೊಳ್ಳೋದು, ಇನ್ನೊಂದು ಕಡೆ ಹೆಚ್ಚಿಗೆ ಮಾರೋದು."

"ಲಾಭ ಬಂದ್ರೆ?"

"ದೊಡ್ಡ ಹಡಗು ಕೊಳ್ಳಬಹುದು."

"ದೊಡ್ಡ ಹಡಗು ಬಂದ್ರೆ?"

"ಇನ್ನೂ ಹೆಚ್ಚು ಸರಕು ಹೊರಬಹುದು," ಎಂದು ಅವಳೇ ನಕ್ಕಳು. "ನೀವು ಕೆಳಗೆ ಮಾಡ್ತಾ ಇದ್ದಿದ್ದೂ ಅದೇ ಅಲ್ವಾ? ಹೊಲಿಯೋದು, ಇನ್ನಷ್ಟು ಹೊಲಿಯೋದು."

ಮೊಂಡಿಗೆ ಆ ಉತ್ತರ ಹಿಡಿಸಿತು. ಹಗಲು ಹೊತ್ತು ಯಂತ್ರ ಸುಮ್ಮನೇ ಬಿದ್ದಿರುತ್ತಿತ್ತು. ತಮ್ಮನ ಹೆಂಡತಿ ಆಕೆಗೆಂದೇ ಬೇರೆ ಖಾತೆ ತೆರೆದುಕೊಟ್ಟು, ಮಂಚದ ಪಕ್ಕಕ್ಕೆ ಮೇಜು ಎಳೆದಳು. ಹೊಸಬರಿಗೆ ಆಟದವರು ಕೊಡುವ ಪುಕ್ಕಟೆ ಹಡಗು ಕಂದು ಬಣ್ಣದ್ದು, ನಡು ಉಬ್ಬಿದ್ದು, ಮೂತಿ ಕಟ್ಟಿದ ಹಾಗಿತ್ತು. ಹೆಸರಿಡಬೇಕೆಂದಾಗ ಮೊಂಡಿ ಯೋಚಿಸಲೇ ಇಲ್ಲ. "ಗೋಣಿಚೀಲ ಅಂತ ಬರಿ."

ಮೊದಮೊದಲು ಆಕೆ ಮಾಡಿದ್ದೆಲ್ಲ ನಷ್ಟದ ಬಾಬತ್ತು. ಕೈಯಲ್ಲಿದ್ದ ಅಷ್ಟಿಷ್ಟು ದುಡ್ಡಿಗೆಲ್ಲ ನೀರಿನ ಪೀಪಾಯಿ ಕೊಂಡು ಹಿಮದ ಉಪಗ್ರಹಕ್ಕೇ ಮಾರಲು ಹೋದಳು. ಅಲ್ಲಿ ನೀರನ್ನು ಕೇಳುವವರೇ ಇಲ್ಲ. ಇನ್ನೊಮ್ಮೆ ಇಂಧನ ನೋಡಿಕೊಳ್ಳದೆ ಹೊರಟು ನಡುದಾರಿಯಲ್ಲಿ ನಿಂತಳು. ತಮ್ಮನ ಹೆಂಡತಿಗೆ ಅಯ್ಯೋ ಅನ್ನಿಸಿತು. "ನನ್ನ ಖಾತೇಲಿ ಬೇಕಾದಷ್ಟಿದೆ ಅತ್ತಿಗೆ. ಸ್ವಲ್ಪ ಕಳಿಸ್ತೀನಿ, ಒಳ್ಳೆ ಹಡಗು ತಗೊಳ್ಳಿ."

"ಬೇಡ."

"ಇದು ಆಟ ಅತ್ತಿಗೆ. ಕೊಟ್ಟರೆ ನನಗೇನು ಸವೆಯುತ್ತೆ?"

"ನಿನಗೆ ಸವೆಯಲ್ಲ, ನನಗೆ ಸವೆಯುತ್ತೆ. ನೀನು ಕೊಟ್ಟ ಹಡಗಲ್ಲಿ ಕೂತ್ರೆ ಅದೂ ಈ ಮಂಚಾನೇ."

ಬಂಡವಾಳವಿಲ್ಲದವರಿಗೆಂದು ಆಟದಲ್ಲಿ ಒಂದು ಕೆಲಸವಿತ್ತು: ನಿಲ್ದಾಣದಿಂದ ನಿಲ್ದಾಣಕ್ಕೆ ಪೊಟ್ಟಣ ಮುಟ್ಟಿಸುವುದು. ಕೂಲಿ ಪುಡಿಗಾಸು. ಹಳಬರು ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಮೊಂಡಿ ಅದನ್ನೇ ಹಿಡಿದಳು. ಹೋಗುವುದು, ಇಳಿಸುವುದು, ಬರುವುದು. ಹನಿಗೂಡಿ ಹಳ್ಳವಾಯಿತು. ಕೊನೆಗೆ ಔಷಧಿಯ ಪೆಟ್ಟಿಗೆಗಳನ್ನು ಕೊಂಡು ಗೋಣಿಚೀಲದ ಹೊಟ್ಟೆ ತುಂಬುವಷ್ಟು ದುಡ್ಡಾಯಿತು. ದೂರದ ಗಣಿ ಕಾಲೊನಿಯಲ್ಲಿ ಔಷಧಿಗೆ ದುಪ್ಪಟ್ಟು ಬೆಲೆ. ಆದರೆ ಅಲ್ಲಿಗೆ ಹೋಗಲು ನಕ್ಷತ್ರಗಳ ನಡುವಿನ ಒಂದು ದ್ವಾರ ದಾಟಬೇಕು, ದ್ವಾರದ ಸೀಮೆಯಲ್ಲಿ ಪೊಲೀಸರಿಲ್ಲ.

ದ್ವಾರದ ಬಾಯಲ್ಲಿ ಮೂರು ಕರೀ ಹಡಗು ಅಡ್ಡ ಬಂದವು. ಹೆಡ್‌ಫೋನಿನಲ್ಲಿ ಒಬ್ಬ ಗಂಡಸಿನ ದನಿ. ಅವನೂ ಎಲ್ಲೋ ತನ್ನ ಮನೆಯಲ್ಲಿ ಕೂತು ಆಡುತ್ತಿದ್ದವನೇ. ಆಟದಲ್ಲಿ ತನ್ನನ್ನು ದೊರೆ ಎಂದು ಕರೆದುಕೊಂಡಿದ್ದ.

"ನಿಲ್ಸಿ. ಸುಂಕ ಇಟ್ಟು ಮುಂದೆ ಹೋಗಿ. ಅರ್ಧ ಸರಕು."

"ಯಾವ ಸುಂಕ?"

"ನಮ್ಮ ಸುಂಕ. ಎಲ್ಲಾರೂ ಕೊಡ್ತಾರೆ."

"ಎಲ್ಲಾರನ್ನೂ ಕೇಳ್ಕೋ ಹೋಗು. ನಾನು ಕೊಡಲ್ಲ."

ಕ್ಷಿಪಣಿ ಬಂತು, ಗೋಣಿಚೀಲ ಚೂರಾಯಿತು, ಔಷಧಿ ಅವರ ಪಾಲಾಯಿತು. ಹೊಸಬರ ಹಡಗು ಹೋದರೆ ಅಂಥದ್ದೇ ಇನ್ನೊಂದು ಪುಕ್ಕಟೆ ಸಿಗುತ್ತಿತ್ತು. ಸರಕಿಗೆ ಮಾತ್ರ ಯಾರೂ ಹೊಣೆಯಲ್ಲ. ಮೊಂಡಿ ಮತ್ತೆ ಪೊಟ್ಟಣ ಹೊತ್ತಳು, ಮತ್ತೆ ಕೂಡಿಟ್ಟಳು, ಮತ್ತೆ ಔಷಧಿ ಕೊಂಡಳು, ಮತ್ತೆ ಅದೇ ದ್ವಾರಕ್ಕೆ ಹೋಗಿ ಅದೇ ಮಾತು ಹೇಳಿ ಚೂರಾದಳು.

"ಅರ್ಧ ಕೊಟ್ಟಿದ್ರೆ ಇನ್ನರ್ಧ ಉಳೀತಿತ್ತಲ್ಲ ಅತ್ತಿಗೆ," ಎಂದಳು ತಮ್ಮನ ಹೆಂಡತಿ.

"ಇವತ್ತು ಅರ್ಧ ಕೇಳೋನು ನಾಳೆ ಮುಕ್ಕಾಲು ಕೇಳ್ತಾನೆ. ಬೆರಳು ತೋರಿಸಿದ್ರೆ ಹಸ್ತ ನುಂಗೋ ಜಾತಿ."

ಅದೇ ವಾರ ತಮ್ಮ ಮಂಚದ ತುದಿಗೆ ಬಂದು ಕೂತ. ಮಾತು ಶುರು ಮಾಡಲು ಅವನಿಗೆ ಕಷ್ಟವಾಗುತ್ತಿತ್ತು. ಮೊಬೈಲ್ ಕವರು, ಚಾರ್ಜರು ಮಾರುವವನೊಬ್ಬ ಅಂಗಡಿ ಬಾಡಿಗೆಗೆ ಕೇಳಿದ್ದಾನೆ. ಒಳ್ಳೆ ಬಾಡಿಗೆ ಕೊಡುತ್ತಾನೆ ಎಂದ. "ನೀನು ಮೇಲೆ ನೆಮ್ಮದಿಯಾಗಿ ಇದ್ದುಬಿಡು ಅಕ್ಕ. ತಿಂಗಳಾ ತಿಂಗಳಾ ನಿನ್ನ ಕೈಗೇ ದುಡ್ಡು ಕೊಡ್ತೀನಿ."

"ಪ್ಲಾಸ್ಟರು ಬಿಚ್ಚಲಿ, ಮಾತಾಡೋಣ," ಎಂದಳು ಮೊಂಡಿ. ಆಮೇಲೆ ಗೋಡೆ ಕಡೆ ತಿರುಗಿದಳು. ಜಗಳವಾಡದೆ ಅಕ್ಕ ಸುಮ್ಮನಾದದ್ದನ್ನು ತಮ್ಮ ಒಪ್ಪಿಗೆ ಎಂದುಕೊಂಡ.

ಅಷ್ಟರಲ್ಲಿ ಆಟದಲ್ಲಿ ಕೈ ಪೂರ್ತಿ ಬರಿದಾಗಿತ್ತು. ಯಾರೂ ಒಲ್ಲದ ಇನ್ನೊಂದು ಕೆಲಸವಿತ್ತು: ನಿಲ್ದಾಣದ ಕಸವನ್ನು ದ್ವಾರದಾಚೆಯ ಕುಲುಮೆಗೆ ಸಾಗಿಸುವುದು. ಮೊಂಡಿ ಕಸ ತುಂಬಿಕೊಂಡು ಹೊರಟಳು. ದೊರೆ ಎಂದಿನಂತೆ ಅಡ್ಡ ಬಂದ.

"ಏನಿದೆ?"

"ಕಸ."

"ಯಾರಿಗೆ ಕಿವಿ ಮೇಲೆ ಹೂವು ಇಡ್ತೀರ? ಸುಂಕ ಇಡಿ."

"ಕಸದಲ್ಲೂ ನಿನಗೆ ಪಾಲು ಕೊಡಲ್ಲ ಹೋಗು."

ಕ್ಷಿಪಣಿ ಹಾರಿತು. ಚೂರಾದ ಹಡಗಿನಿಂದ ಹರಡಿದ್ದು ನಿಜವಾಗಿಯೂ ಕಸ. ಹೆಡ್‌ಫೋನಿನಲ್ಲಿ "ಥೂ" ಎಂಬ ದನಿ ಸ್ಪಷ್ಟವಾಗಿ ಕೇಳಿತು. ಮೊಂಡಿಗೆ ನಗು ಬಂತು. ಬಿದ್ದ ದಿನದಿಂದ ಅಂಥ ನಗು ಬಂದಿರಲಿಲ್ಲ. ಸಂಜೆ ಕಥೆ ಕೇಳಿದ ತಮ್ಮನ ಹೆಂಡತಿ ಕುರ್ಚಿಯಿಂದ ಎದ್ದೇಬಿಟ್ಟಳು. "ಅತ್ತಿಗೆ! ಆ ಕ್ಷಿಪಣಿ ಎಷ್ಟು ದುಬಾರಿ ಗೊತ್ತಾ? ನಿಮ್ಮ ಹಡಗು ಪುಕ್ಕಟೆ, ಕಸ ಪುಕ್ಕಟೆ. ಇವತ್ತು ನಷ್ಟ ಆಗಿದ್ದು ಅವರಿಗೆ!"

ಮೊಂಡಿ ನಗು ನಿಲ್ಲಿಸಿದಳು. "ಹಾಗಾದ್ರೆ ಇನ್ನೊಂದು ಸಲ ಹೋಗೋಣ."

ಮರುದಿನ ಹೋದಳು, ಅದರ ಮರುದಿನವೂ. ಹಡಗಿನ ಹೊಟ್ಟೆಯಲ್ಲಿ ಏನಿದೆ ಎಂದು ಹೊರಗಿನಿಂದ ತಿಳಿಯುವ ಉಪಾಯ ಆ ಆಟದಲ್ಲಿರಲಿಲ್ಲ. ಸುಮ್ಮನೆ ಬಿಟ್ಟರೆ ದೊರೆಯ ಕಡೆಯವರು ಮುದುಕಿಗೆ ಹೆದರಿದರೆಂಬ ಮಾತು. ಹೊಡೆದರೆ ಕೈ ಸುಡುತ್ತದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡಾಯಿತು ಅವರದು.

ಇದನ್ನು ದೂರದಿಂದ ನೋಡುತ್ತಿದ್ದ ಹೊಸಬನೊಬ್ಬ ಮೊಂಡಿಯನ್ನು ಮಾತಾಡಿಸಿದ. ಅವನು ಶಾಲೆಯಲ್ಲಿ ವ್ಯಾಯಾಮ ಕಲಿಸುವ ಮೇಷ್ಟ್ರು. ಅವನದೂ ಅಂಥದ್ದೇ ಕಂದು ಹಡಗು, ಅವನೂ ಅದೇ ದ್ವಾರದಲ್ಲಿ ಸುಂಕ ತೆತ್ತು ಬೇಸತ್ತವನು. "ಅಕ್ಕಾವ್ರೇ, ನಾನೂ ಕಸ ತರ್ಲಾ?" ಎಂದು ಕೇಳಿದ.

"ಕಸಾನೂ ತಗೊಂಬಾ, ಇನ್ನು ನಾಲ್ಕು ಜನಾನೂ ಕರ್ಕೊಂಬಾ," ಎಂದಳು ಮೊಂಡಿ.

ಮೇಷ್ಟ್ರು ಕರೆದ. ನಾಲ್ಕು ಜನ ಬರುವ ಜಾಗದಲ್ಲಿ ಹಿಂಡೇ ಬಂತು. ಎಲ್ಲ ಒಂದೇ ಥರದ ಕಂದು ಹಡಗುಗಳು. ಕೆಲವದರಲ್ಲಿ ಔಷಧಿ, ಮಿಕ್ಕದ್ದರಲ್ಲಿ ಕಸ. ಯಾವುದರಲ್ಲಿ ಏನೆಂದು ಅವರವರಿಗೇ ಗೊತ್ತು. ಮೇಷ್ಟ್ರು ತನ್ನ ಮನೆಯಲ್ಲಿ ಕೂತು ನಿಜವಾದ ಪೀಪಿ ಊದಿದ; ಎಲ್ಲರ ಕಿವಿಯೂ ಗುಂಯ್ ಅಂದಿತು. ಹಿಂಡು ಎದ್ದೆನೋ ಬಿದ್ದೆನೋ ಎಂದು ದ್ವಾರಕ್ಕೆ ನುಗ್ಗಿತು. ದೊರೆಯ ಮೂರು ಹಡಗು ಸಿಕ್ಕವರಿಗೆ ಹೊಡೆದವು. ಹತ್ತಾರು ಜನ ಚೂರಾದರು, ಹೆಚ್ಚಿನವರು ಕಸದವರು. ಔಷಧಿ ಹೊತ್ತವರಲ್ಲಿ ಬಹುಪಾಲು ಜನ ದಾಟಿದರು. ಮೊಂಡಿಯೂ ದಾಟಿದಳು. ಗಣಿ ಕಾಲೊನಿಯಲ್ಲಿ ಸರಕು ಇಳಿಸಿ ದುಡ್ಡು ಖಾತೆಗೆ ಬಂದಾಗ ಒಂಟಿಯಾಗಿದ್ದ ಆಕೆ ಊರುಗೋಲಿನಿಂದ ನೆಲಕ್ಕೆ ಎಷ್ಟು ಜೋರಾಗಿ ಕುಟ್ಟಿದಳೆಂದರೆ, ಕೆಳಗಿನಿಂದ ತಮ್ಮ, "ಏನಾಯ್ತಕ್ಕಾ?" ಎಂದು ಓಡಿಬಂದ.

"ಲಾಭ ಆಯ್ತು," ಎಂದಳು.

ಮುಂದಿನ ವಾರ ದೊರೆ ತಾನಾಗಿ ಮಾತಿಗೆ ಬಂದ. ದನಿ ಬೆಣ್ಣೆಯಂತಿತ್ತು. "ಅಮ್ಮಾ, ಹಗ್ಗ ಹರಿಯೋದು ಬೇಡ, ಕೋಲು ಮುರಿಯೋದು ಬೇಡ. ನಿಮಗೊಬ್ಬರಿಗೆ ಸುಂಕ ಮಾಫಿ. ನಿಮ್ಮ ಹಿಂಡನ್ನು ಮನೆಗೆ ಕಳಿಸಿ."

"ಮಾಫಿ ಮಾಡೋಕೆ ನೀನೇನು ಆ ಗೇಟು ಕಟ್ಟಿಸಿದ್ಯೇನಪ್ಪ?"

"ನಿಮಗೇನು ಬೇಕು ಹಾಗಾದ್ರೆ?"

"ಏನೂ ಬೇಡ. ನೀನು ಪಕ್ಕಕ್ಕೆ ಸರಿ, ನಾವು ಹೋಗ್ತೀವಿ. ಸರೀದಿದ್ರೂ ಹೋಗ್ತೀವಿ."

ಅವನು ಒಂದೇ ದಿನಕ್ಕೆ ಸರಿಯಲಿಲ್ಲ. ಇನ್ನೂ ಅನೇಕ ಸಲ ಗೋಣಿಚೀಲ ಚೂರಾಯಿತು. ಕ್ರಮೇಣ ಮೂರು ಹಡಗಿದ್ದಲ್ಲಿ ಎರಡಾಯಿತು, ಆಮೇಲೆ ಒಂದು, ಆಮೇಲೆ ದ್ವಾರದ ಬಾಯಿ ಖಾಲಿ.

ಪ್ಲಾಸ್ಟರು ಬಿಚ್ಚಿದ ದಿನ ಮೊಂಡಿ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದಳು. ಕಾಲು ಬೆಂಡಿನಂತಾಗಿತ್ತು. ಕೆಳಗೆ ಅಪರಿಚಿತನೊಬ್ಬ ಅಂಗಡಿಯ ಅಗಲವನ್ನು ಟೇಪು ಹಿಡಿದು ಅಳೆಯುತ್ತಿದ್ದ. ಮಷೀನನ್ನು ಹಿಂದಿನ ಗೋಡೆಗೆ ಒತ್ತಿ, ಮೇಲೆ ಹಳೇ ಫೋಮು ಪೇರಿಸಿದ್ದರು. ಮೊಂಡಿ ಫೋಮನ್ನು ಒಂದೊಂದಾಗಿ ಎಳೆದು ನೆಲಕ್ಕೆ ಹಾಕಿದಳು. ಸ್ಟೂಲನ್ನು ಒರೆಸಿ ಕೂತಳು.

"ಅಳೆದಿದ್ದು ಸಾಕು, ಹೊರಡಿ," ಎಂದಳು ಅವನಿಗೆ.

ಟೇಪಿನವನು ತಮ್ಮನ ಮುಖ ನೋಡಿದ. ತಮ್ಮ ಕೆಂಪಾದ. "ಅಕ್ಕ, ನಾನು ಮಾತು ಕೊಟ್ಟಿದ್ದೀನಿ. ಬಾಡಿಗೆ ನಿನ್ನ ಕೈಗೇ ಕೊಡ್ತೀನಿ ಅಂದ್ನಲ್ಲ."

"ನನ್ನ ಅಂಗಡಿ ಬಾಡಿಗೇನ ನನಗೆ ಕೊಡೋಕೆ ನೀನ್ಯಾರೋ?"

"ಈ ಕಾಲಲ್ಲಿ ಬಸ್ಸು ಹತ್ತೋರು ಯಾರು? ನೀನಾ?"

"ನಾನು ಹತ್ತಲ್ಲ. ಸೀಟು ಬಿಚ್ಚಿ ತಂದೋರಿಗೆ ಹೊಲಿದುಕೊಡ್ತೀನಿ. ತರದೇ ಇರೋರು ಬೇರೆ ಕಡೆ ಹೋಗ್ಲಿ."

ಟೇಪಿನವನು ಹೋದ ಮೇಲೆ ತಮ್ಮ ಬಾಗಿಲಲ್ಲೇ ನಿಂತಿದ್ದ. ಬಂದ ಮಾತು ಮೊಂಡಿ ಎಣಿಸಿದ್ದಲ್ಲ. "'ಆಗಲ್ಲ' ಅನ್ನೋದು ನಿನಗೆ ಸುಲಭ ಅಕ್ಕ. ಎಲ್ಲಾರಿಗೂ ಅಂತೀಯ. ನನಗೆ ಈ ದೂಳು ಆಗಲ್ಲ ಅಂತ ಒಂದು ದಿನಾನೂ ಅನ್ನೋಕಾಗ್ಲಿಲ್ಲ."

ಮೊಂಡಿಯ ಕೈ ಮಷೀನಿನ ಚಕ್ರದ ಮೇಲೇ ನಿಂತಿತು. ಇಷ್ಟು ವರ್ಷ ಪಕ್ಕದಲ್ಲೇ ಸೀನುತ್ತಾ ಕೂತವನನ್ನು ಆಕೆ ಒಮ್ಮೆಯೂ ಕೇಳಿರಲಿಲ್ಲ. ಆದರೂ ಎದ್ದು ಕಣ್ಣೀರಿಡುವ ಜಾಯಮಾನವಲ್ಲ ಆಕೆಯದು.

"ಈಗ ಅಂದ್ಯಲ್ಲ," ಎಂದಳು. "ಅಂದ ಮೇಲೆ ನಿಲ್ಬೇಡ. ಹೋಗು, ನಿನಗೆ ಬೇಕಾದ ಕೆಲಸ ನೋಡ್ಕೋ. ನನಗೋಸ್ಕರ ಅಂತ ಕೂರ್ಬೇಡ, ನಾನು ಎದ್ದು ಹೋಗ್ಲಿ ಅಂತಾನೂ ಕಾಯ್ಬೇಡ."

ಮನೆಯಲ್ಲಿ ಕೆಲವು ವಾರ ಅಕ್ಕ ತಮ್ಮನ ಮಧ್ಯೆ ಮಾತಿಲ್ಲ. ಉಪ್ಪು ಬೇಕಾದರೂ ತಮ್ಮನ ಹೆಂಡತಿಯ ಮೂಲಕ ಕೇಳುವ ಪರಿಸ್ಥಿತಿ. "ನೀವಿಬ್ರೂ ಒಂದೇ ಹಿಟ್ಟಿನ ರೊಟ್ಟಿ. ನನ್ನನ್ನು ಮಾತ್ರ ಎರಡೂ ಕಡೆ ಸುಡ್ಬೇಡಿ," ಎಂದು ಅವಳು ಒಂದು ದಿನ ತಟ್ಟೆ ಕುಕ್ಕಿ ಎದ್ದುಹೋದಳು. ತಮ್ಮ ಪೀಠೋಪಕರಣದ ಮಳಿಗೆಯಲ್ಲಿ ಗಿರಾಕಿಗಳಿಗೆ ಕುರ್ಚಿ ತೋರಿಸುವ ಕೆಲಸಕ್ಕೆ ಸೇರಿದ. ಅಲ್ಲಿ ದೂಳಿಲ್ಲ. ಅವನ ಮುಖದಲ್ಲಿ ಕಳೆ ಬಂದದ್ದನ್ನು ಮೊಂಡಿ ನೋಡಿದಳು, ಹೇಳಲಿಲ್ಲ. ಕೆಳಗೆ ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ಸೀಟು ಬಿಚ್ಚಿ ತರುವ ರಗಳೆ ಬೇಡವೆಂದು ಬೇರೆ ಕಡೆ ಹೋದರು. ಉಳಿದವರು ಗೊಣಗುತ್ತಲೇ ತಂದರು. ಕೆಲಸ ಕಡಿಮೆಯಾಯಿತು, ಬಟ್ಟೆ ಊಟಕ್ಕೆ ಸಾಲುವಷ್ಟಿತ್ತು, ಹೊತ್ತೂ ಸಿಕ್ಕಿತು.

ಸಂಜೆ ಆ ಹೊತ್ತಿನಲ್ಲಿ ಆಕೆ ಹಾರುತ್ತಿದ್ದಳು. ದುಡಿದು ದುಡಿದು ಒಂದು ದಿನ ಖಾತೆಯಲ್ಲಿ ದೊಡ್ಡ ಹಡಗಿಗೆ ಸಾಕಾಗುವಷ್ಟಾಯಿತು. ನೀಲಿ ಬಣ್ಣದ್ದು, ಗೋಣಿಚೀಲದಂಥ ಎಂಟು ಹಡಗು ಹೊಟ್ಟೆಯಲ್ಲಿ ಹಿಡಿಸುವಂಥದ್ದು. ವಿಮೆ ಮಾಡಿಸಿ ಎಂದು ತಮ್ಮನ ಹೆಂಡತಿ ಹೇಳಿದಳು. "ಬೀಳ್ತೀನಿ ಅಂತ ಮೊದಲೇ ದುಡ್ಡು ಕಟ್ಬೇಕಾ?" ಎಂದು ಮೊಂಡಿ ಒಪ್ಪಲಿಲ್ಲ. ಸರಕು ತುಂಬಿ ಹೊರಟಳು. ದೊಡ್ಡ ಹಡಗು ಸಣ್ಣದರಂತೆ ತಿರುಗುವುದಿಲ್ಲ. ನಿಲ್ದಾಣದ ಬಾಯಲ್ಲಿ ಅದರ ಅಗಲದ ಹೊಟ್ಟೆ ಗೋಡೆಗೆ ಬಡಿದು, ಹಡಗು ಕಣ್ಣೆದುರೇ ಬೆಂಕಿಯ ಉಂಡೆಯಾಯಿತು.

ಹಿಂದಿನಿಂದ ಕಿಸಕ್ಕೆಂದ ಸದ್ದು. ತಮ್ಮ ಬಾಗಿಲಲ್ಲಿ ನಿಂತಿದ್ದ, ತಡೆಯಲಾಗದೆ ನಕ್ಕುಬಿಟ್ಟಿದ್ದ.

"ಎಲ್ಲಾ ಹೋಯ್ತಾ ಅಕ್ಕ?"

"ಎಲ್ಲಾ ಹೋಯ್ತು," ಎಂದಳು ಮೊಂಡಿ, ಪರದೆಯಿಂದ ಕಣ್ಣು ಕೀಳದೆ. ಪಟ್ಟಿಯಲ್ಲಿ ಪೊಟ್ಟಣದ ಕೆಲಸ ಎಲ್ಲಿದೆಯೆಂದು ಆಗಲೇ ಹುಡುಕುತ್ತಿದ್ದಳು. "ನಿಂತು ನಗೋದಾದ್ರೆ ಆ ಕುರ್ಚಿ ಎಳ್ಕೊಂಡು ಕೂತು ನಗು. ಇದಿನ್ನೂ ಬಹಳ ಹೊತ್ತು ನಡೆಯೋದಿದೆ."